ಅಣ್ಣ ಓದಿ ಹೇಳಿದ ರಿಪೋರ್ಟು

ನನ್ನ ರಿಪೋರ್ಟಿನಲ್ಲಿ ಏನಿತ್ತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಈಗ ನೆನೆದರೂ ಮೈಯೆಲ್ಲ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕೊಟ್ಟೂರಿನಲ್ಲಿ ಬಿ.ಎ. ಓದುತ್ತಿದ್ದಾಗ ನನಗೆ ರಕ್ತದ ಕ್ಯಾನ್ಸರ್ ಬಂತು. ಬೆಂಗಳೂರಿನಲ್ಲಿ ಎಲುಬಿನ ಮಜ್ಜೆ ತೆಗೆದು ಜೀನುಗಳ ಪರೀಕ್ಷೆಗೆ ಕಳಿಸಿದರು. ಮೊದಲ ಸುತ್ತಿನ ಔಷಧಿಗೆ ಕಾಯಿಲೆ ಅಡಗಿತು. ಅಣ್ಣ ಡಾಕ್ಟರ ಕೋಣೆಯಿಂದ ಹೊರಬಂದು, "ರಿಪೋರ್ಟ್ ಚಲೋ ಬಂದೈತಿ, ಚಿಂತಿ ಮಾಡಬ್ಯಾಡ" ಅಂದ. ಅಪ್ಪನಿಲ್ಲದ ಮನೆಯಲ್ಲಿ ಅಣ್ಣನ ಮಾತೇ ಮಾತು. ನಂಬಿದೆ.

ಅದೇ ಹೊತ್ತಿಗೆ ತಂಗಿಗೆ ಹರಪನಹಳ್ಳಿಯ ಸಂಬಂಧ ಗಟ್ಟಿಯಾಯಿತು. ಬೀಗರು ಬಂದಾಗ ನನ್ನ ಬೋಳು ತಲೆಗೆ ಅವ್ವ ಕಾರಣ ಕೊಟ್ಟಳು: "ಟೈಫಾಯ್ಡ್ ಆಗಿತ್ರಿ, ಕೂದಲಾ ಉದುರ್ಯಾವು." ನಾನೂ ಹೂಂಗುಟ್ಟಿದೆ. ಮದುವೆಯಲ್ಲಿ ತಲೆತುಂಬ ಸೆರಗು ಹೊದ್ದು ತಂಗಿಗೆ ನಾನೇ ಅರಿಶಿನ ಹಚ್ಚಿದೆ. ಎಂಥ ಖುಷಿ ಈ ಹುಚ್ಚಿಗೆ!

ಮುಂದಿನ ತಿಂಗಳ ತಪಾಸಣೆಯಲ್ಲಿ ಹೊಸ ಡಾಕ್ಟರಮ್ಮ ಫೈಲು ತಿರುವಿ, "ತಂಗಿಯ ಮಜ್ಜೆ ಹೊಂದಿತ್ತಲ್ಲ, ಯಾಕೆ ಬೇಡ ಅಂದ್ರಿ?" ಎಂದು ಕೇಳಿದರು. "ಯಾವ ಮಜ್ಜಿರಿ?" ಅಂದೆ. ಅವರೇ ಬಿಡಿಸಿ ಹೇಳಿದರು. ನನ್ನ ಕ್ಯಾನ್ಸರ್ ಕಣಗಳಲ್ಲಿ ಒಂದು ಜೀನು ಅತಿಯಾಗಿ ಕೆಲಸ ಮಾಡುತ್ತಿತ್ತಂತೆ. ಹಾಗಿದ್ದವರಲ್ಲಿ ಬಹಳ ಮಂದಿಗೆ, ಎಲ್ಲರಿಗೂ ಅಲ್ಲ, ಕಾಯಿಲೆ ಮರಳುತ್ತದಂತೆ. ಅದಕ್ಕೇ ಮಜ್ಜೆ ಬದಲಿಸಲು ಹೇಳಿದ್ದರಂತೆ. ಬೇಡವೆಂದು ಬರೆದುಕೊಟ್ಟ ಹಾಳೆಯ ಕೆಳಗೆ ಅಣ್ಣನ ಸಹಿ ಇತ್ತು.

ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಕೇಳಿದೆ. ಅಣ್ಣ ಗೋಡೆ ನೋಡುತ್ತ ಅಂದ: "ಮಜ್ಜಿ ತಗದ ಹುಡುಗೀನ ಯಾರು ಮಾಡ್ಕೊಂತಾರ? ಈ ಬ್ಯಾನಿ ಗೊತ್ತಾಗಿದ್ರ ಮದುವಿ ಮುರೀತಿತ್ತು."

"ನಾ ಸತ್ತಿದ್ರ?"

ಅವ್ವ ಅಳುತ್ತ, "ನೀ ಉಳಿಯಾಕಿ ಅಲ್ಲ ಅಂತ ರಿಪೋರ್ಟಿನಾಗ ಇತ್ತಂತವ್ವ. ಉಳಿಯೋ ತಂಗಿ ಬಾಳೇವು ನೋಡಬೇಕಲ್ಲ" ಅಂದಳು.

ಬೂತಿನಿಂದ ತಂಗಿಗೆ ಫೋನು ಹಚ್ಚಿ, "ನಿನಗೂ ಗೊತ್ತಿತ್ತೇನ?" ಎಂದೆ.

"ಪರೀಕ್ಷೆಗೆ ರಕ್ತ ಕೊಟ್ಟಾಕಿ ನಾನ ಅಲ್ಲೇನಕ್ಕ."

"ಈಗರೆ ಕೊಡ್ತಿಯೇನು?"

"ಇವರನ್ನ ಕೇಳಿ ಹೇಳ್ತೀನಿ."

ಇಂದಿಗೂ ಹೇಳಿಲ್ಲ.

ಕಾಯಿಲೆ ಮರಳಲಿಲ್ಲ. ವರ್ಷಗಳು ಕಳೆದವು, ನಾನು ಉಳಿದುಬಿಟ್ಟೆ. ಊಟಕ್ಕೆ ಕೂತಾಗೆಲ್ಲ ಅವ್ವ ಊರದೇವರಿಗೆ ಕೈಮುಗಿದು, "ಕೊಟ್ಟೂರಯ್ಯ ಕೈಬಿಡಲಿಲ್ಲ ನೋಡವ್ವ" ಅನ್ನುತ್ತಿದ್ದಳು. ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ: "ಅಂವ ಬಿಡಲಿಲ್ಲಬೇ. ಕೈಬಿಟ್ಟವ್ರು ನೀವು."

ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.