ತಾಜಮಹಲಿನ ಹೊರಗೆ ಮಲ್ಲಣ್ಣ

ಹುನಗುಂದದಲ್ಲಿ ನಮ್ಮ ಕಾಲೇಜಿನ ಎದುರಿಗೆ ಮಲ್ಲಣ್ಣನ ಝೆರಾಕ್ಸ್ ಅಂಗಡಿ ಇದೆ. ಅವನ ಊರು ಕೆರೂರ. ಏಪ್ರಿಲ್ ಬಿಸಿಲಿನಲ್ಲಿ, ಬೇವಿನ ಎಲೆಗಳು ಅಲುಗಾಡುವುದನ್ನೇ ಮರೆತಿರುವಾಗಲೂ ಅವನ ಕೊರಳಲ್ಲಿ ಉಣ್ಣೆಯ ಮಫ್ಲರ್ ಇರುತ್ತದೆ. ಯಾರಾದರೂ ಕೇಳಲಿ ಎಂದೇ ಸುತ್ತಿಕೊಂಡಿರುತ್ತಾನೆ. ಕೇಳಿದರೆ, "ಆಗ್ರಾದ ಥಂಡಿ ಒಮ್ಮೆ ಮೈಗೆ ಹತ್ತಿತಂದ್ರ ಬಿಡೂದಿಲ್ಲ ತಂಗಿ," ಎನ್ನುತ್ತಾನೆ. ಕೇಳದಿದ್ದರೂ ಎನ್ನುತ್ತಾನೆ.

ಪ್ರತಿ ಜನವರಿಯಲ್ಲಿ ಅವನು ವಿದ್ಯಾರ್ಥಿಗಳನ್ನು ಆಗ್ರಾಕ್ಕೆ ಕರೆದುಕೊಂಡು ಹೋಗುತ್ತಾನೆ. ಅಷ್ಟು ಅಗ್ಗದಲ್ಲಿ ಬೇರೆ ಯಾರೂ ಒಯ್ಯಲಾರರು. ಅವನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಇದೊಂದೇ, ಅದೂ ಪೂರ್ತಿ ಒಳ್ಳೆಯದಲ್ಲ. ಅಂಗಡಿಯ ಗೋಡೆಯ ತುಂಬ ಅವನ ಫೋಟೊಗಳಿವೆ. ಆಗ್ರಾ ಕೋಟೆ, ಸಿಕಂದ್ರಾ, ಫತೇಪುರ ಸಿಕ್ರಿ. ಹಳೆಯ ಬಾದಶಹರೆಲ್ಲ ತನ್ನ ಬಾಡಿಗೆದಾರರು ಎಂಬಂತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ. ಪ್ರತಿಯೊಂದರಲ್ಲೂ ಅವನ ಹಿಂದೆ ಇರುವುದು ಹೊರಬಾಗಿಲು ಮಾತ್ರ. ಅದನ್ನು ನಾವ್ಯಾರೂ ಗಮನಿಸಿರಲಿಲ್ಲ.

ಈ ಸಲ ನನ್ನ ಜೊತೆ ಶ್ರುತಿಯೂ ಹೊರಟಳು. ಇಳಕಲ್ಲಿನ ನೇಕಾರರ ಮನೆಯ ಹುಡುಗಿ, ತರಗತಿಯಲ್ಲಿ ನನ್ನ ಬೆಂಚಿನವಳು. ಅವಳ ಅವ್ವ ರತ್ನವ್ವನ ಮಗ್ಗದ ಎದುರು ತಾಜಮಹಲಿನ ಹಳೆಯ ಕ್ಯಾಲೆಂಡರ್ ತೂಗುತ್ತದೆ. ವರ್ಷ ಮುಗಿದರೂ ಚಿತ್ರಕ್ಕಾಗಿ ಉಳಿಸಿಕೊಂಡದ್ದು. ಲಾಳಿ ನಿಂತಾಗೆಲ್ಲ ರತ್ನವ್ವನ ಕಣ್ಣು ಆ ಬಿಳಿ ಗುಮ್ಮಟದ ಮೇಲೆ ಹೋಗಿ ಕೂಡುತ್ತದೆ. ಮಗಳನ್ನು ಕಳಿಸುವಾಗ ಅವಳು ಬಳೆ ತಾ, ಪೇಠಾ ಮಿಠಾಯಿ ತಾ ಎನ್ನಲಿಲ್ಲ. "ಹೊರಗಿಂದು ನಾ ದಿನಾ ನೋಡ್ತೇನಿ. ಒಳಗ ಏನೈತಿ ನೋಡ್ಕೊಂಡು ಬಂದು ಹೇಳು," ಎಂದಳು. ಆ ಪ್ರವಾಸದಲ್ಲಿ ಶ್ರುತಿಗೆ ಇದ್ದದ್ದು ಅದೊಂದೇ ಕೆಲಸ.

ಸೊಲ್ಲಾಪುರದಲ್ಲಿ ರೈಲು ಬದಲಿಸಿದೆವು. ಮನೆಮನೆಯಿಂದ ಬಂದ ಖಡಕ್ ರೊಟ್ಟಿಗಳನ್ನೆಲ್ಲ ಮಲ್ಲಣ್ಣ ಒಂದೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ತನ್ನ ಮಗ್ಗುಲಲ್ಲಿ ಇಟ್ಟುಕೊಂಡ. "ಹೋಟೆಲಿಗೆ ಹೋದ್ರ ಅದು ಟೂರ್ ಅಲ್ಲ, ದಂಡ," ಎಂದ. ನಮ್ಮ ಕಡೆ ವಾರಗಟ್ಟಲೆ ಗರಿಗರಿಯಾಗಿ ಉಳಿಯುವ ರೊಟ್ಟಿ ಆಗ್ರಾದ ಮಂಜಿನಲ್ಲಿ ಒದ್ದೆ ರಟ್ಟಿನಂತಾಯಿತು. ಮಲ್ಲಣ್ಣ ಅವುಗಳನ್ನು ಧರ್ಮಶಾಲೆಯ ಮಾಳಿಗೆಯ ಮೇಲೆ ಪಂಜೆ ಹಾಸಿ ಹರವಿದ. ಬಿಸಿಲು ಬರಲೇ ಇಲ್ಲ. "ಎಂಥಾ ಊರೋ ಏನೋ, ಒಂದ್ ರೊಟ್ಟಿ ಒಣಗಸಾಕ ಬರೂದಿಲ್ಲ," ಎಂದು ಆ ನಗರವನ್ನೇ ಬೈದ. ಹೊದಿಕೆ ಧರ್ಮಶಾಲೆಯವರೇ ಕೊಡುತ್ತಾರೆಂದು ಅವನು ಹೇಳಿದ್ದ. ಕೊಡಲಿಲ್ಲ. ನಾವು ತಂದ ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು ಓಡಾಡಿದೆವು. ಮಫ್ಲರ್ ಇದ್ದದ್ದು ಅವನೊಬ್ಬನ ಬಳಿ.

ಕೋಟೆಯನ್ನು ಹೊರಗಿನಿಂದ ತೋರಿಸಿದ. ಸಿಕಂದ್ರಾವನ್ನು ಆಟೋದಿಂದ ತೋರಿಸಿದ. ಯಾರಾದರೂ ಒಳಗೆ ಹೋಗೋಣ ಎಂದರೆ ಅವನ ಬಳಿ ಉತ್ತರ ಸಿದ್ಧವಿತ್ತು. "ಒಳಗ ಏನೈತಿ? ಕಲ್ಲು. ಬಾದಾಮ್ಯಾಗ ಕಲ್ಲು ಕಡಿಮಿ ಬಿದ್ದಾವೇನು?"

ಕೊನೆಯ ದಿನ ಮುಂಜಾನೆ ನಮ್ಮನ್ನು ಯಮುನೆಯ ದಂಡೆಗೆ ಕರೆದೊಯ್ದು ನಿಲ್ಲಿಸಿದ. ನದಿ ಕಾಣುತ್ತಿರಲಿಲ್ಲ, ಆಚೆಯ ದಡ ಕಾಣುತ್ತಿರಲಿಲ್ಲ. ಹಾಲಿನಲ್ಲಿ ಅದ್ದಿ ಹಿಂಡದೆ ಬಿಟ್ಟ ಬಟ್ಟೆಯಂತೆ ಮಂಜು ಎಲ್ಲದರ ಮೇಲೂ ಜೋತುಬಿದ್ದಿತ್ತು. ಮಲ್ಲಣ್ಣ ಕೈ ಚಾಚಿ, "ನೋಡ್ರಿ, ತಾಜಮಹಲ," ಎಂದ.

"ಎಲ್ಲೈತ್ರಿ?" ಎಂದಳು ಶ್ರುತಿ.

"ಇಲ್ಲೇ, ಎದುರಿಗೆ."

"ಎದುರಿಗೆ ಮಂಜ ಐತಿ."

"ಅದರ ಹಿಂದ ಐತಿ. ಇಲ್ಲದ ಎಲ್ಲಿ ಹೋಗ್ತೈತಿ? ಲಗೂ ನಿಲ್ರಿ, ಫೋಟೊ ತಗೀತೇನಿ."

ನಿಂತೆವು. ತೆಗೆದ. ಅಂಥ ಫೋಟೊ ಹುನಗುಂದದ ಸ್ಟುಡಿಯೊದಲ್ಲಿ ಬಿಳಿ ಪರದೆಯ ಮುಂದೆ ಕುಳಿತು ಬೆಚ್ಚಗೆ ತೆಗೆಸಬಹುದಿತ್ತು. ಎಲ್ಲರೂ ಆಟೋದ ಕಡೆ ತಿರುಗಿದಾಗ ಶ್ರುತಿ ನಿಂತಲ್ಲೇ ನಿಂತಳು. "ನಾ ಒಳಗ ಹೋಗ್ತೇನಿ," ಎಂದಳು.

"ಮಧ್ಯಾಹ್ನ ಗಾಡಿ ಐತಿ, ಯವ್ವಾ."

"ಇನ್ನೂ ಮುಂಜಾನಿ ಐತ್ರಿ."

"ಟಿಕೆಟ್ ಬ್ಯಾರೆ."

"ನಂದು ನಾ ತಗೋತೇನಿ."

ಮಲ್ಲಣ್ಣ ಚೀಲವನ್ನು ಮುಂದೆ ಹಿಡಿದ. "ತಿನ್ನೂದು ಒಳಗ ಬಿಡೂದಿಲ್ಲ. ಇದನ್ನೇನ್ ಮಾಡ್ಲಿ?"

"ನೀವು ಹೊರಗ ಹಿಡ್ಕೊಂಡು ಕುಂದರ್ರಿ. ನೀವು ಒಳಗಿಂದು ಭಾಳ ಸಲ ನೋಡೀರಲ್ರಿ."

ಅವನು ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. "ಹ್ಞೂಂ, ನೋಡೇನಿ," ಎಂದ, ನಮ್ಮಲ್ಲಿ ಯಾರ ಮುಖವನ್ನೂ ನೋಡದೆ. ಅಷ್ಟರಲ್ಲೇ ನಮಗೆಲ್ಲ ತಿಳಿಯಿತು. ಪ್ರತಿ ಚಳಿಗಾಲ ಇಷ್ಟು ದೂರ ಬರುವ ಈ ಮನುಷ್ಯ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ.

ಆಟೋದಲ್ಲಿ ಸೇತುವೆ ದಾಟಿ ತಾಜಮಹಲಿನ ಬಾಗಿಲಿಗೆ ಬಂದು, ನಾನೂ ಶ್ರುತಿಯೂ ಒಳಗೆ ಹೋದೆವು. ಟಿಕೆಟ್ ಬೇಡವೆಂದು ಉಳಿದವರು ಬಜಾರಿನ ಕಡೆ ಹೋದರು. ಹತ್ತಿರ ಹೋದಂತೆ ಗುಮ್ಮಟ ಮಂಜಿನೊಳಗಿಂದ ನಿಧಾನವಾಗಿ, ನೆನಪಾಗುವ ಹಾಗೆ, ಮೂಡಿತು. ಚಪ್ಪಲಿ ಬಿಟ್ಟ ಕಾಲಿಗೆ ಹಾಲುಗಲ್ಲು ಕೊರೆಯಿತು. ಒಳಗೆ ಮಬ್ಬುಗತ್ತಲೆ. ಕಲ್ಲಿನಲ್ಲಿ ಕೂರಿಸಿದ ಹೂಬಳ್ಳಿಯ ಮೇಲೆ ಯಾರೋ ಗೈಡ್ ಟಾರ್ಚ್ ಹಿಡಿದ. ಕೆಂಪು ಎಸಳು ಒಳಗಿನಿಂದ ಕೆಂಡದಂತೆ ಹೊತ್ತಿಕೊಂಡಿತು. ಯಾರದೋ ಕೂಗು ಮೇಲೇರಿ, ಗುಮ್ಮಟದಲ್ಲಿ ಸುತ್ತಾಡಿ, ತಡವಾಗಿ ಕೆಳಗಿಳಿಯಿತು. ಶ್ರುತಿಯ ತುಟಿಗಳು ಅಲುಗುತ್ತಲೇ ಇದ್ದವು. ಅವ್ವನಿಗೆ ಹೇಳುವುದನ್ನು ಅಲ್ಲೇ ಜೋಡಿಸಿಕೊಳ್ಳುತ್ತಿದ್ದಳು.

ಹೊರಗೆ ಬಂದಾಗ ಮಲ್ಲಣ್ಣ ಚೀಲವನ್ನು ತಬ್ಬಿಕೊಂಡು ಮಂಗಗಳನ್ನು ಬೆದರಿಸುತ್ತ ಕುಳಿತಿದ್ದ.

ರೈಲಿನಲ್ಲಿ ಉಳಿದ ಹುಡುಗಿಯರು ಕೇಳಿದರೆಂದು ಶ್ರುತಿ ಎಲ್ಲವನ್ನೂ ಹೇಳಿದಳು. ಮೇಲಿನ ಬರ್ತಿನಲ್ಲಿ ಮಲ್ಲಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಸದಾ ಕುಣಿಯುವ ಅವನ ಪಾದ ಮಾತ್ರ ಅಲ್ಲಾಡದೆ ನಿಂತಿತ್ತು.

ಬಾಗಲಕೋಟೆಯಲ್ಲಿ ಇಳಿದಾಗ ರತ್ನವ್ವ ಮಗಳನ್ನು ಕರೆದೊಯ್ಯಲು ಬಂದಿದ್ದಳು. ನಾವು ಬ್ಯಾಗು ಇಳಿಸುವಷ್ಟರಲ್ಲಿ ಮಲ್ಲಣ್ಣ ಅವಳ ಮುಂದೆ ನಿಂತಾಗಿತ್ತು.

"ಏನ್ ಹೇಳ್ಲಿ ಯಕ್ಕಾ, ಒಳಗ ಕಾಲಿಟ್ಟ ಕೂಡ್ಲೇ ಮೈ ಝುಂ ಅಂತೈತಿ. ಕಲ್ಲಿನ ಹೂವಿಗೆ ಬ್ಯಾಟ್ರಿ ಹಿಡದ್ರ ಕೆಂಡ ಆಗ್ತೈತಿ, ಕೆಂಡ! ಒಂದ್ ಸಲ ಕೂಗಿದ್ನಿ ನೋಡು, ಆ ದನಿ ಮ್ಯಾಲ ಹೋಗಿ..."

ರತ್ನವ್ವ ಕಣ್ಣರಳಿಸಿ ಕೇಳುತ್ತಿದ್ದಳು. ಶ್ರುತಿಯ ಮುಖ ಬಿಳುಚಿತು. ಅಷ್ಟು ದೂರದಿಂದ ಅವಳು ಅವ್ವನಿಗಾಗಿ ತಂದದ್ದನ್ನು ಈ ಮನುಷ್ಯ ಪ್ಲಾಟ್‌ಫಾರ್ಮಿನ ಮೇಲೆ ಚೆಲ್ಲುತ್ತಿದ್ದ. ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ.

"ಅವ್ವಾ, ಅವರು ಒಳಗ ಬಂದಿಲ್ಲ. ಹೊರಗ ರೊಟ್ಟಿ ಕಾಯಾಕತ್ತಿದ್ರು," ಎಂದಳು, ಬಸ್ಸಿನ ವೇಳೆ ಹೇಳುವಷ್ಟು ಸಾದಾ ದನಿಯಲ್ಲಿ.

ರತ್ನವ್ವ ಅವನನ್ನು ಮಫ್ಲರಿನಿಂದ ಚಪ್ಪಲಿಯವರೆಗೆ ನೋಡಿದಳು. "ಅಷ್ಟ್ ದೂರ ಹೋಗಿ ಬಾಗಲದಾಗ ಕುಂತ್ಯಾ, ಯಪ್ಪಾ?"

"ಯಾರರ ಕಾಯಬೇಕಲ್ಲಕ್ಕಾ," ಎಂದ ಮಲ್ಲಣ್ಣ.

"ನಡಿ," ಎಂದು ರತ್ನವ್ವ ಮಗಳ ಕೈ ಹಿಡಿದಳು. "ಇವ ಹೇಳಿದ್ದು ನಾ ಕೇಳೇ ಇಲ್ಲ ಅಂತ ತಿಳಕೊ. ಮೊದಲಿಂದ ಹೇಳು."

ಅವರಿಬ್ಬರೂ ಬಸ್ಸಿನ ಕಡೆ ನಡೆದರು. ಮಲ್ಲಣ್ಣನಿಗೆ ನಾಚಿಕೆಯಾಗಿರಬಹುದು ಎಂದು ತಿರುಗಿ ನೋಡಿದೆ. ಅವನು ಆಗಲೇ ಚಹಾದವನ ತೋಳು ಹಿಡಿದು ನಿಲ್ಲಿಸಿಕೊಂಡಿದ್ದ. "ಏನ್ ಹೇಳ್ಲಿ ಮಾರಾಯಾ, ಒಳಗ ಕಾಲಿಟ್ಟ ಕೂಡ್ಲೇ..."