ಕೊನೆಗೆ ಮಾತಾಡುವ ಮುಖ್ಯಸ್ಥರು

ಗಾಲಿಕುರ್ಚಿ ಕಾರ್ಖಾನೆಯ ಮುಖ್ಯಸ್ಥರಿಗೆ ತಮ್ಮ ಮೇಲೆ ನಂಬಿಕೆ ಇರಲಿಲ್ಲ. ಈ ಉದ್ಯಮದಲ್ಲಿ ಅವರಷ್ಟು ಹೆಸರು ಮಾಡಿದವರು ವಿರಳ. ನಿವೃತ್ತರಾಗುತ್ತಿರುವ ಹೊತ್ತಿನ ಈ ಅಭಿನಂದನ ಸಂಪುಟದಲ್ಲಿ ಅವರ ಬಗ್ಗೆ ಹೀಗೆ ಬರೆದರೆ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು, ಅವರಿಗೆ ಅನ್ನಿಸುವುದಿಲ್ಲ.

ಲೇತ್ ಯಂತ್ರದ ಮುಂದೆ ನಿಂತು ಕೆಲಸ ಕಲಿತು ಮೇಲೆ ಬಂದವರು ಅವರು. ಪದವೀಧರರು ಸುತ್ತ ಕೂತಾಗ ತಮಗೆ ತಿಳಿಯದ್ದು ಎಲ್ಲಿ ಬಯಲಾಗುತ್ತದೋ ಎಂಬ ಅಳುಕು. ಅಳುಕು ಹೆಚ್ಚಿದಷ್ಟೂ ದನಿ ಏರುತ್ತಿತ್ತು. ಹೊಸ ಮಾದರಿ ತಯಾರಾದರೆ ಅದರಲ್ಲಿ ಮೊದಲು ಅವರೇ ಕೂರಬೇಕು, ಮೊದಲು ಅವರೇ ಮಾತಾಡಬೇಕು. ಆಮೇಲೆ ಉಳಿದವರು ತಲೆಯಾಡಿಸುವುದು ಪದ್ಧತಿ.

ಒಂದೇ ಕೈಯಲ್ಲಿ ಎಳೆದರೆ ಎರಡೂ ಗಾಲಿಗಳು ನಿಲ್ಲುವ ಬ್ರೇಕನ್ನು ಯುವ ವಿನ್ಯಾಸಕಿಯೊಬ್ಬರು ತಂದಾಗಲೂ ಹಾಗೇ ಆಯಿತು.

"ಇಷ್ಟು ವರ್ಷ ನಾವೇನು ಇಲ್ಲಿ ಕತ್ತೆ ಕಾಯ್ತಿದ್ವೇನಮ್ಮ?"

"ಹಾಗಲ್ಲ ಸಾರ್, ಒಂದು ಕೈ ಬಿದ್ದುಹೋದವರಿಗೆ..."

"ಅವರಿಗೆ ತಳ್ಳೋಕೆ ಮನೆಯವರಿರ್ತಾರೆ. ಎತ್ತಿಡಿ."

ಎಲ್ಲರೂ ನಕ್ಕರು. ವಿನ್ಯಾಸಕಿ ಆ ತಿಂಗಳೇ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದರು.

ಮುಂದೆ ಮುಖ್ಯಸ್ಥರ ಅಕ್ಕನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದ ಕುರ್ಚಿ ಆ ಪ್ರತಿಸ್ಪರ್ಧಿಗಳದು. ಅದರಲ್ಲಿದ್ದದ್ದು ಅದೇ ಬ್ರೇಕು. ಅಕ್ಕ ಎಡಗೈಯಲ್ಲಿ ಅದನ್ನೆಳೆದು, ಬಾಗಿಲ ಇಳಿಜಾರಿನಲ್ಲಿ ತಾವಾಗಿಯೇ ಕುರ್ಚಿ ನಿಲ್ಲಿಸಿಕೊಂಡು, "ನಿಮ್ಮ ಕಾರ್ಖಾನೆದೇನೋ ಇದು?" ಎಂದರು.

"ಅಲ್ಲ ಅಕ್ಕ. ಆಗಬೇಕಿತ್ತು. ನಾನೇ ಬೇಡ ಅಂದೆ."

"ಯಾಕೋ, ಚೆನ್ನಾಗಿರಲಿಲ್ವಾ?"

"ಚೆನ್ನಾಗೇ ಇತ್ತು. ನನಗೆ ಹೊಳೀಲಿಲ್ವಲ್ಲ, ಅದಕ್ಕೆ."

"ನನ್ನ ಕಾಯಿಲೆಗಿಂತ ನಿಂದೇ ಹಳೇದು ಬಿಡು."

ಈ ಮಾತುಕತೆಯನ್ನು ಮುಂದಿನ ಸಭೆಯಲ್ಲಿ ಅವರೇ ಎಲ್ಲರ ಮುಂದೆ ಒಪ್ಪಿಸಿದರು. "ನನಗೆ ಹೊಳೀಲಿಲ್ಲ" ಎಂಬ ಮಾತು ಅವರ ಬಾಯಿಂದ ಆ ಕೊಠಡಿಯಲ್ಲಿ ಬಂದದ್ದು ಅದೇ ಮೊದಲು. ಅಂದಿನಿಂದ ಅವರು ಕುರ್ಚಿಯಲ್ಲಿ ಕೂರುವುದೂ ಕೊನೆಗೆ, ಮಾತಾಡುವುದೂ ಕೊನೆಗೆ. ಮಕ್ಕಳ ಕುರ್ಚಿ, ಮಡಚುವ ಕುರ್ಚಿ, ಮರಳಲ್ಲಿ ಹೂತುಕೊಳ್ಳದ ಗಾಲಿ, ಎಲ್ಲವೂ ಆಮೇಲಿನವು. ಒಂದೂ ತಮ್ಮ ತಲೆಯಲ್ಲಿ ಹುಟ್ಟಿದ್ದಲ್ಲವೆಂದು ಅವರು ಸಂತೋಷದಿಂದಲೇ ಹೇಳುತ್ತಾರೆ.

ವಿನ್ಯಾಸಕಿಯ ಮನೆಗೂ ಹೋಗಿ ವಾಪಸ್ ಕರೆದರು. "ಬೇಡ ಸಾರ್. ಅಲ್ಲಿ ನಾನು ಹೇಳೋದನ್ನ ಕೇಳ್ತಾರೆ," ಎಂದರು ಆಕೆ. ಮುಖ್ಯಸ್ಥರು ಒತ್ತಾಯ ಮಾಡಲಿಲ್ಲ.

ಅವರು ಆರೋಗ್ಯದಿಂದ ಬಹುಕಾಲ ಬಾಳಲಿ. ಹೊಸದಾಗಿ ಮುಖ್ಯಸ್ಥರಾಗುವವರಿಗೆ ಸುಮ್ಮನೆ ಕೂತು ಕೇಳುವುದನ್ನು ಕಲಿಸುತ್ತಿರಲಿ. ಅವರಿಂದ ಕಾರ್ಖಾನೆ ಗಳಿಸಿದ್ದನ್ನು ಈ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ಕಳೆದುಕೊಂಡದ್ದನ್ನೂ ಯಾರಾದರೂ ಬರೆಯಲೇಬೇಕೆಂಬುದು ಅವರದೇ ಅಪೇಕ್ಷೆ: ಒಂದು ಬ್ರೇಕು, ಒಬ್ಬ ವಿನ್ಯಾಸಕಿ, ಆಕೆಯ ಹಿಂದೆಯೇ ಹೊರಟುಹೋದ ಇಬ್ಬರು ಬೆಸುಗೆಗಾರರು.