ಚಿಕ್ಕಮ್ಮನ ಕ್ಲೇಮು

ನಮ್ಮ ಚಿಕ್ಕಮ್ಮ ಸುಳ್ಳು ಹೇಳಿದ್ದಾಳೆ ಎಂದು ಒಂದು ಕಂಪನಿ ಕಾಗದ ಬರೆದಿದೆ. ಅದೂ ಸ್ಪೀಡ್ ಪೋಸ್ಟಿನಲ್ಲಿ.

ನೇರವಾಗಿ ಹಾಗಂತ ಬರೆದಿಲ್ಲ ಬಿಡಿ. ಪಾಲಿಸಿ ಪಡೆಯುವಾಗ ಇದ್ದ ಕಾಯಿಲೆಯನ್ನು ಮರೆಮಾಚಿರುವುದರಿಂದ ತಮ್ಮ ಕ್ಲೇಮನ್ನು ತಿರಸ್ಕರಿಸಲಾಗಿದೆ ಎಂದು ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಎಷ್ಟು ಮೆತ್ತಗೆ ಹೇಳಿದರೂ ಚಿಕ್ಕಮ್ಮನಿಗೆ ಅರ್ಥವಾಗಿದ್ದು ಒಂದೇ.

"ಅಂದ್ರೆ ನಾನು ಸುಳ್ಳು ಹೇಳ್ದೆ ಅಂತಾನಾ?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕಾಫಿ ಮಾಡಲು ಒಳಗೆ ಹೋದಳು.

ಗುಬ್ಬಿಯ ಹತ್ತಿರದ ಒಂದು ಹಳ್ಳಿಯಲ್ಲಿ ಅವರ ಮನೆ. ಪಿಯುಸಿಯ ಎರಡು ವರ್ಷ ನಾನು ಆ ಮನೆಯಲ್ಲೇ ಉಂಡು ಓದಿದವನು. ಆ ಋಣಕ್ಕೋ ಏನೋ, ಎರಡು ವರ್ಷದ ಹಿಂದೆ ಚಿಕ್ಕಮ್ಮನ ಹೆಸರಿನಲ್ಲಿ ಒಂದು ಹೆಲ್ತ್ ಇನ್ಶೂರೆನ್ಸ್ ಮಾಡಿಸಿದೆ. "ಇನ್ನು ಆಸ್ಪತ್ರೆ ಖರ್ಚಿನ ಚಿಂತೆ ಬಿಡಿ" ಎಂದು ಚಿಕ್ಕಪ್ಪನಿಗೆ ಹೇಳಿ, ಅವರ ಮುಂದೆ ಸ್ವಲ್ಪ ಬೀಗಿದ್ದೂ ಉಂಟು.

ಎರಡು ತಿಂಗಳ ಕೆಳಗೆ ಚಿಕ್ಕಮ್ಮನಿಗೆ ಎದೆನೋವು ಬಂತು. ತುಮಕೂರಿಗೆ ಕರೆತಂದೆವು. ಸ್ಟೆಂಟ್ ಹಾಕಿದರು. ಅಡ್ಮಿಟ್ ಆಗುವಾಗ ಡಾಕ್ಟರು "ಶುಗರ್ ಎಷ್ಟು ವರ್ಷದಿಂದ ಇದೆ ಅಮ್ಮ?" ಅಂದರು. "ಎಂಟು ವರ್ಷ ಆಯ್ತು ಕಣಪ್ಪ" ಅಂದಳು. ಕೇಸ್ ಶೀಟಿನಲ್ಲಿ ಬರೆದುಕೊಂಡರು.

ಪಾಲಿಸಿ ಮಾಡಿಸುವಾಗ ಕಂಪನಿಯಿಂದ ಒಂದು ಫೋನು ಬಂದಿತ್ತು. ಏನಾದರೂ ಕಾಯಿಲೆ ಇದೆಯಾ ಅಂತ ಕೇಳಿ, ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುವ ಫೋನು. ಅಲ್ಲಿ ಚಿಕ್ಕಮ್ಮ "ಏನೂ ಇಲ್ಲ" ಅಂದಿದ್ದಳಂತೆ. ಕೇಸ್ ಶೀಟು ಒಂದು ಹೇಳುತ್ತೆ, ಫೋನು ಇನ್ನೊಂದು ಹೇಳುತ್ತೆ. ಕಂಪನಿಗೆ ಇನ್ನೇನು ಬೇಕು?

ತೋಟಕ್ಕೆ ಡ್ರಿಪ್ ಹಾಕಿಸಲು ಇಟ್ಟಿದ್ದ ಹಣ ಪೂರ್ತಿ ಆಸ್ಪತ್ರೆಗೆ ಹೋಯಿತು. ಚಿಕ್ಕಪ್ಪ ಕೆಟ್ಟವರಲ್ಲ, ಆದರೆ ಬಾಯಿ ಬಿಗಿಹಿಡಿಯುವವರೂ ಅಲ್ಲ.

"ದಿನಾ ಬೆಳಗೆದ್ದು ಮಾತ್ರೆ ನುಂಗ್ತೀಯ. ಒಂದ್ ಮಾತು ಹೇಳಕ್ಕೆ ಬಾಯಿ ಬರ್ನಿಲ್ವಾ ನಿಂಗೆ?"

ಊಟಕ್ಕೆ ಕೂತಾಗ ಒಂದು ಸಲ, ಯಾರಾದರೂ ನೋಡಲು ಬಂದಾಗ ಇನ್ನೊಂದು ಸಲ, ಇದೇ ಮಾತು. ಎದೆಯೊಳಗೆ ಸ್ಟೆಂಟ್ ಇಟ್ಟುಕೊಂಡು ಬಂದ ಹೆಂಗಸು ಒಂದು ತಿಂಗಳು ಇದನ್ನು ಕೇಳಿಸಿಕೊಂಡಳು.

ನನಗೆ ಕಂಪನಿಯ ಮೇಲೆ ಸಿಟ್ಟು ಬಂತು. ಒಂದು ಥಿಯರಿಯೂ ಹೊಳೆಯಿತು (ನಮ್ಮಂಥ ಅಂಕಣಕಾರರಿಗೆ ಸಿಟ್ಟಿನ ಹಿಂದೆಯೇ ಥಿಯರಿ ಹೊಳೆಯುತ್ತದೆ). ನಮ್ಮ ಕಡೆ ಯಾರಾದರೂ ತಮ್ಮ ಕಾಯಿಲೆಯನ್ನು ಗುರುತಿಲ್ಲದವರ ಹತ್ತಿರ ಹೇಳಿಕೊಳ್ಳುತ್ತಾರಾ? ಜ್ವರದಲ್ಲಿ ನಡುಗುತ್ತಿದ್ದರೂ "ಹೇಗಿದೀರಾ?" ಅಂದರೆ "ದೇವ್ರು ಚೆನ್ನಾಗಿ ಇಟ್ಟವ್ನೆ" ಅನ್ನುತ್ತಾರೆ. ಮೈ ಇಳಿದುಹೋಗಿದೆಯಲ್ಲ ಅಂದರೆ "ಬಿಸ್ಲು ಕಣಪ್ಪ" ಅನ್ನುತ್ತಾರೆ. ಡಾಕ್ಟರ ಮುಂದೆ ಮಾತ್ರ ನಿಜ. ಫೋನಿನಲ್ಲಿ ಬರುವ ಯಾವುದೋ ಹುಡುಗಿಯ ಮುಂದೆ ಅಲ್ಲ. ಆ ಮರ್ಯಾದೆಯನ್ನು ಕಂಪನಿ ಮೋಸ ಅಂತ ಓದಿಕೊಂಡಿದೆ. ಎಷ್ಟು ಚೆಂದದ ಥಿಯರಿ ಅಲ್ಲವೇ? ಈ ಅಂಕಣಕ್ಕೆ ಅದನ್ನೇ ಬರೆಯುವುದು ಅಂತ ಮೊದಲೆರಡು ಪ್ಯಾರಾ ಬರೆದೂ ಇಟ್ಟಿದ್ದೆ.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಕುಣಿಗಲ್ ಕಡೆಯ ಒಬ್ಬ ಗೆಳೆಯನಿದ್ದಾನೆ. ಕಾಮರ್ಸ್ ಮೇಷ್ಟ್ರು. ಮರಳೂರಿನ ಟೀ ಅಂಗಡಿಯಲ್ಲಿ ನಾನು ಥಿಯರಿ ಒಪ್ಪಿಸಿದೆ. ಜೊತೆಗೆ, ಇನ್ಶೂರೆನ್ಸ್ ಕಂಪನಿಗಳೇ ಇರಬಾರದು, ಎಲ್ಲರ ಆಸ್ಪತ್ರೆ ಖರ್ಚನ್ನೂ ಸರ್ಕಾರವೇ ಕೊಡಬೇಕು ಎಂದೂ ಸೇರಿಸಿದೆ.

"ಕೊಡ್ಲಿ, ಬೇಡ ಅಂದೋರ್ ಯಾರು?" ಅಂದ ಅವನು. "ಆದ್ರೆ ಸರ್ಕಾರ ಟ್ಯಾಕ್ಸ್ ಜಾಸ್ತಿ ಮಾಡಿದ್ ದಿನ ಇದೇ ಟೀ ಅಂಗಡೀಲಿ ಕೂತು ಬೈಯೋನು ನೀನೇ ಕಣಯ್ಯ. ಇನ್ಶೂರೆನ್ಸ್ ಅಂದ್ರೂ ಅಷ್ಟೆ. ಊರೋರೆಲ್ಲ ಸೇರಿ ಹಾಕ್ದ ಚೀಟಿ ದುಡ್ಡು ಅದು. ಒಬ್ರು ಸುಳ್ಳು ಹೇಳಿ ಎತ್ಕೊಂಡ್ರೆ ಇನ್ನೊಬ್ರಿಗೆ ಬರೆ."

"ನಮ್ಮ ಚಿಕ್ಕಮ್ಮ ಸುಳ್ಳು ಹೇಳಿಲ್ಲ" ಅಂದೆ.

"ಹಂಗಾದ್ರೆ ಹೋಗಿ ರೆಕಾರ್ಡಿಂಗ್ ಕೇಳು."

ಕೇಳಿಯೇಬಿಡೋಣ ಅನ್ನಿಸಿತು. ಚಿಕ್ಕಮ್ಮ ಮಾತ್ರ ಸುತರಾಂ ಒಪ್ಪಲಿಲ್ಲ. "ಬ್ಯಾಡ ಬುಡು. ಹೋಗದು ಹೋಯ್ತು. ಅವ್ರತ್ರ ಹೋಗಿ ಏನ್ ಕೇಳ್ತೀಯ?" ಹಳ್ಳಿಯವಳು, ಆಫೀಸು ಅಂದರೆ ಹೆದರುತ್ತಾಳೆ ಅಂದುಕೊಂಡೆ. ನಿನ್ನ ಮೇಲಿನ ಅಪವಾದ ತೆಗೆಸುವವರೆಗೂ ಬಿಡುವುದಿಲ್ಲ ಅಂತ ಹಟ ಹಿಡಿದು, ಕಾರಿನಲ್ಲಿ ಕೂರಿಸಿಕೊಂಡು ತುಮಕೂರಿಗೆ ಬಂದೆ.

ಕಂಪನಿಯ ಆಫೀಸಿನಲ್ಲಿ ಇದ್ದವರು ನನ್ನ ವಯಸ್ಸಿನವರೇ ಒಬ್ಬ ಮ್ಯಾನೇಜರು. ಮರ್ಯಾದಸ್ಥರು. ಚಿಕ್ಕಮ್ಮನಿಗೆ ಕುರ್ಚಿ ಹಾಕಿಸಿ ನೀರು ತರಿಸಿಕೊಟ್ಟರು. ನಾನು ನನ್ನ ಥಿಯರಿಯನ್ನು ಇಲ್ಲೂ ಒಂದು ಸುತ್ತು ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿ, ಕಂಪ್ಯೂಟರಿನಲ್ಲಿ ಆ ಫೋನಿನ ರೆಕಾರ್ಡಿಂಗ್ ಹಾಕಿದರು.

"ನಿಮಗೆ ಮಧುಮೇಹ, ರಕ್ತದೊತ್ತಡ, ಹೃದಯ ಸಂಬಂಧಿ ಕಾಯಿಲೆ ಏನಾದರೂ ಇದೆಯೇ ಮೇಡಂ?" ಫೋನಿನ ಹುಡುಗಿ.

ಆಮೇಲೆ ಫೋನಿನಿಂದ ಬಾಯಿ ದೂರ ಮಾಡಿ ಯಾರನ್ನೋ ಕೇಳುವ ಚಿಕ್ಕಮ್ಮನ ಸಣ್ಣ ದನಿ. "ಶುಗರ್ ಐತಲ್ಲ, ಹೇಳ್ಲಾ?"

ಅದರ ಹಿಂದೆಯೇ ಒಂದು ಗಂಡಸಿನ ದನಿ. "ಅದೆಲ್ಲ ಹೇಳಕ್ಕೆ ಹೋಗ್ಬೇಡ ಚಿಕ್ಕಮ್ಮ. ಸುಮ್ನೆ ಇಲ್ಲ ಅನ್ನು."

"ಇಲ್ಲ ಕಣಮ್ಮ. ಏನೂ ಇಲ್ಲ."

ಮ್ಯಾನೇಜರು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ. "ದಿನಾ ಕೇಳ್ತೀವಿ ಸಾರ್ ಇಂಥವು. ಪಾಪ, ಅವರು ನಿಜ ಹೇಳೋಕೆ ಹೊರಟಿರ್ತಾರೆ. ಪಕ್ಕದಲ್ಲಿ ಓದಿದವರು ಯಾರಾದ್ರೂ ಕೂತಿರ್ತಾರೆ" ಅಂದರು.

ನಾಚಿಕೆಯಾಯಿತು. ನಿಜ ಹೇಳುತ್ತೇನೆ, ಆ ಮಾತು ಆಡಿದ್ದು ನನಗೆ ನೆನಪೇ ಇರಲಿಲ್ಲ. ನೆನಪಿರುವುದಾದರೂ ಹೇಗೆ? ಅರ್ಜಿಯಲ್ಲಿ 'ಇಲ್ಲ' ಅಂತ ಟಿಕ್ ಹಾಕಿದರೆ ಕೆಲಸ ಬೇಗ ಮುಗಿಯುತ್ತೆ. 'ಹೌದು' ಅಂದರೆ ಇನ್ನೂ ನಾಲ್ಕು ಪ್ರಶ್ನೆ, ಎರಡು ಜೆರಾಕ್ಸ್. ಇದು ನಾವು ಓದಿದವರು ಕಲಿತ ಬುದ್ಧಿ, ಮೈಗೆ ಹತ್ತಿಬಿಟ್ಟಿದೆ. ಅವತ್ತು ಶುಗರ್ ಇದೆ ಅಂದಿದ್ದರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗುತ್ತಿತ್ತು. ಒಂದಷ್ಟು ಕಾಲ ಕಾಯಿರಿ ಅನ್ನುತ್ತಿದ್ದರು. ಹೆಚ್ಚೆಂದರೆ ಪಾಲಿಸಿ ಕೊಡಲ್ಲ ಅನ್ನುತ್ತಿದ್ದರು, ಆಗ ಬೇರೆ ದಾರಿಯನ್ನಾದರೂ ನೋಡಬಹುದಿತ್ತು. ನಾನು ಉಳಿಸಿದ್ದು ಅರ್ಧ ಗಂಟೆ.

ಹಾಗಂತ ಕಂಪನಿಗಳೆಲ್ಲ ಸತ್ಯವಂತರು ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಕಾಯಿಲೆ ಇದ್ದವರಿಗೆ ಅರ್ಧ ಬಾಗಿಲು, ಇಲ್ಲದವರಿಗೆ ಪೂರ್ತಿ ಬಾಗಿಲು ತೆಗೆದರೆ ಜನ 'ಇಲ್ಲ' ಅನ್ನದೆ ಇನ್ನೇನು ಅನ್ನುತ್ತಾರೆ? ಔಷಧಿ ಬೇಕಾದವರು ಔಷಧಿ ಬೇಡ ಅಂತ ನಾಟಕ ಆಡಬೇಕಾದ ವ್ಯವಸ್ಥೆಯಲ್ಲೇ ಏನೋ ಐಬಿದೆ. ಖರ್ಚು ಸರ್ಕಾರ ಕೊಡಬೇಕೋ, ಕಂಪನಿ ಕೊಡಬೇಕೋ, ನಾವೇ ಕೊಡಬೇಕೋ, ಟೀ ಅಂಗಡಿಯಲ್ಲಿ ಈ ವಾದ ಇನ್ನೂ ನಡೆಯಲಿ. ಆದರೆ ಆ ವಾದದ ಹಿಂದೆ ನಾನು ಬಚ್ಚಿಟ್ಟುಕೊಳ್ಳುವ ಹಾಗಿಲ್ಲ.

ವಾಪಸ್ ಗುಬ್ಬಿ ರಸ್ತೆಯಲ್ಲಿ ಹೋಗುವಾಗ ಕೇಳಿದೆ. "ನಿಂಗೆ ನೆನಪಿತ್ತಾ ಚಿಕ್ಕಮ್ಮ?"

"ಇಲ್ದೆ ಏನು?"

"ಮತ್ತೆ ಚಿಕ್ಕಪ್ಪ ಅಷ್ಟು ಬೈತಿದ್ರೂ ಯಾಕೆ ಹೇಳ್ಲಿಲ್ಲ?"

"ನೀನು ನನ್ ಒಳ್ಳೇದಕ್ಕೇ ತಾನೇ ಅಂದಿದ್ದು? ನಂಗೆ ಅವ್ರು ಬೈಯದು ಹೊಸದಲ್ಲ. ನಿಂಗೆ ಬೈದ್ರೆ ನೀನು ಮನೆಗೆ ಬರದು ಬಿಡ್ತೀಯ." ಮತ್ತೆ ಅಂದಳು, "ಅವ್ರಿಗೆ ಹೇಳಕ್ಕೋಗ್ಬ್ಯಾಡ. ನಾನೇ ಗೊತ್ತಿಲ್ದೆ ಅಂದೆ ಅಂತ ಇರ್ಲಿ ಬುಡು."

ನಾನು ಆಯಿತು ಅಂದೆ. ಮನೆ ಮುಂದೆ ಇಳಿಸಿದೆ. ಚಿಕ್ಕಪ್ಪ ಜಗುಲಿಯ ಮೇಲೇ ಕೂತಿದ್ದರು. "ಏನಂದ್ರು?" ಅಂದರು. "ಆಗಲ್ವಂತೆ" ಅಂದಳು ಚಿಕ್ಕಮ್ಮ. ಅವರು ಮತ್ತೆ ಅದೇ ಮಾತು ಶುರು ಮಾಡಿದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಈ ಅಂಕಣವನ್ನು ಚಿಕ್ಕಪ್ಪ ಒಂದು ವಾರವೂ ತಪ್ಪಿಸುವುದಿಲ್ಲ. ಓದಿ, ಫೋನು ಮಾಡಿ, ಎಲ್ಲಿ ಎಡವಿದ್ದೇನೆ ಅಂತ ಹೇಳುತ್ತಾರೆ. ಅದಕ್ಕೇ ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಪ್ಪ, ಅವಳನ್ನು ಬೈಯಬೇಡಿ, 'ಇಲ್ಲ ಅನ್ನು' ಅಂದವನು ನಾನು.